ನೀಲಿಯಾದ ನಾಯಕ

ಕಳೆದ ಬೇಸಗೆಯಲ್ಲಿ ಸಿರುಗುಪ್ಪದ ಬಸ್ ನಿಲ್ದಾಣದ ಬಳಿ ಇಬ್ಬರು ಕಾಲೇಜು ವಿದ್ಯಾರ್ಥಿಗಳ ವಾದವನ್ನು ಕೇಳುವ ಸಂದರ್ಭ ನನಗೆ ಒದಗಿತು. ಗೋಡೆಯ ಮೇಲಿನ ಸಿನಿಮಾ ಪೋಸ್ಟರೊಂದರಲ್ಲಿ ನಾಯಕನ ಮುಖ ನೀಲಿಯಾಗಿತ್ತು. “ಇವನು ಕೃಷ್ಣನ ಅಂಶ, ಕಥೆಯ ಗುಟ್ಟು ಇಲ್ಲೇ ಇದೆ” ಎಂದು ಒಬ್ಬನ ವ್ಯಾಖ್ಯಾನ. “ಅಲ್ಲವೋ, ನೀಲಿ ವಿಷದ ಬಣ್ಣ; ಇವನು ಸಾಯುತ್ತಾನೆ” ಎಂದು ಮತ್ತೊಬ್ಬನದು. ಎರಡು ಮಾರು ಆಚೆ, ಅಂಗಡಿಯ ತಗಡಿನ ನೆರಳಿನಲ್ಲಿ, ಅದೇ ಪೋಸ್ಟರಿನ ಇನ್ನೊಂದು ಪ್ರತಿಯಿತ್ತು. ಅದರಲ್ಲಿ ನಾಯಕನು ನಮ್ಮ ನಿಮ್ಮಂತೆಯೇ ಗೋಧಿಬಣ್ಣದವನು!

ಬಣ್ಣದ ಮುದ್ರಣಕ್ಕೆ ಸಾಮಾನ್ಯವಾಗಿ ನಾಲ್ಕು ಮಸಿಗಳು ಬೇಕು: ಹಳದಿ, ಕೆನ್ನೇರಿಳೆ, ತಿಳಿನೀಲಿ, ಕಪ್ಪು. ಸೂರ್ಯನ ಅತಿನೇರಿಳೆ ಕಿರಣಗಳು ತಗುಲಿದಾಗ ಮೊದಲೆರಡರ ಅಣುಗಳು ಬೇಗನೆ ಒಡೆಯುತ್ತವೆ. ತಾಮ್ರವನ್ನೊಳಗೊಂಡ ತಿಳಿನೀಲಿಯೂ ಇಂಗಾಲದ ಕಪ್ಪೂ ಬಹುಕಾಲ ಬಾಳುತ್ತವೆ. ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಬಳ್ಳಾರಿಯ ಸೀಮೆಯಲ್ಲಿ, ನಾಯಕನನ್ನು ದೇವರಾಗಿಸಿದವನು ಚಿತ್ರಕಾರನಲ್ಲ, ಸೂರ್ಯನೇ. ಎಲ್ಲ ಕೆಂಪೂ ಹೀಗೆ ದುರ್ಬಲವೆಂದು ತಿಳಿಯಬಾರದು. ಸಂಡೂರಿನ ಗುಡ್ಡಗಳನ್ನು ಕೆಂಪಾಗಿಸಿರುವ ಕಬ್ಬಿಣದ ಆಕ್ಸೈಡು ಬಿಸಿಲಿಗೆ ಜಗ್ಗುವುದಿಲ್ಲ. ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳು ಇಂದಿಗೂ ಕಾಣುತ್ತವೆ.

ಹಾಗೆಂದ ಮಾತ್ರಕ್ಕೆ ಪೋಸ್ಟರುಗಳಲ್ಲಿ ಸಂಕೇತವೇ ಇಲ್ಲವೆಂದು ನಾನು ಹೇಳಲಾರೆ. 1958ರಲ್ಲಿ ಹಿಚ್‌ಕಾಕನ ‘ವರ್ಟಿಗೊ’ ಚಿತ್ರಕ್ಕೆ ಸಾಲ್ ಬಾಸ್ ರಚಿಸಿದ ಪೋಸ್ಟರಿನಲ್ಲಿ ಕಿತ್ತಳೆಗೆಂಪಿನ ನಡುವೆ ಸುರುಳಿಯೊಂದಿದೆ. ಮನುಷ್ಯಾಕೃತಿಯೊಂದು ಅದರೊಳಕ್ಕೆ ಬೀಳುತ್ತಿದೆ. ಎತ್ತರವನ್ನು ಕಂಡರೆ ತಲೆತಿರುಗುವ ನಾಯಕನ ಕಥೆಗೆ ಇದು ಬೇಕೆಂದೇ ಇಟ್ಟ ಗುರುತು. ನಾಯಕನ ಹಿಂದೆ ಗೂಳಿಯನ್ನು ನಿಲ್ಲಿಸಿದರೆ, ದೊಡ್ಡಬಸವೇಶ್ವರನ ಭಾರಿ ವಿಗ್ರಹವನ್ನು ನೋಡುತ್ತ ಬೆಳೆದ ಕುರುಗೋಡಿನ ಹುಡುಗನಿಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಆದರೆ ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲಿನ ಬೆಟ್ಟದಲ್ಲಿ ನವಶಿಲಾಯುಗದವರು ಬಂಡೆಗೆ ಕುಟ್ಟಿ ಮೂಡಿಸಿದ ಗೂಳಿಗಳೂ ಇವೆಯಷ್ಟೆ. ಅವುಗಳ ಅರ್ಥವನ್ನು ಹೇಳಬಲ್ಲ ಜನ ಈಗಿಲ್ಲ. ವಿದ್ವಾಂಸರದು ಊಹೆ ಮಾತ್ರ. ಚಿತ್ರ ಉಳಿದರೂ ಅದರ ಒಪ್ಪಂದ ಅಳಿಯಬಹುದು.

ಹುಡುಕುವವನ ಕಣ್ಣೂ ಪಕ್ಷಪಾತಿ. ರಶ್ಯದ ವಿಜ್ಞಾನಿ ಯಾರ್ಬುಸ್ 1965ರ ತನ್ನ ಗ್ರಂಥದಲ್ಲಿ ಇದನ್ನು ತೋರಿಸಿದ್ದಾನೆ. ರೇಪಿನ್ನನ ಒಂದೇ ವರ್ಣಚಿತ್ರವನ್ನು ಮುಂದಿಟ್ಟು, ‘ಇವರ ವಯಸ್ಸೆಷ್ಟು?’, ‘ಇವರು ಸ್ಥಿತಿವಂತರೆ?’ ಎಂದು ಬೇರೆಬೇರೆ ಪ್ರಶ್ನೆಗಳನ್ನು ಕೇಳಿದಾಗ, ನೋಡುವವನ ದೃಷ್ಟಿ ಓಡಾಡಿದ ದಾರಿಯೇ ಬದಲಾಯಿತು. ಗುಟ್ಟು ಇದೆಯೆಂದು ಹೊರಟವನ ದೃಷ್ಟಿ ಗುಟ್ಟಿನಂತೆ ಕಾಣುವಲ್ಲಿಗೇ ಹೋಗುತ್ತದೆ.

ಆದುದರಿಂದ ಅರ್ಥ ಹೇಳುವ ಮೊದಲು ನೆರಳಿನ ಪ್ರತಿಯನ್ನು ಹುಡುಕಬೇಕೆಂಬುದು ನನ್ನ ವಾದ. ಬಳಿಕ, ಚಿತ್ರವನ್ನು ನೋಡಿರದ ನಾಲ್ವರಿಂದ, ಒಬ್ಬರದನ್ನು ಮತ್ತೊಬ್ಬರು ನೋಡದಂತೆ, ಅರ್ಥವನ್ನು ಬರೆಸಿ ನೋಡಿ. ನಾಲ್ವರೂ ಒಂದನ್ನೇ ಬರೆದರೆ ಸಂಕೇತವೆನ್ನಲು ಆಧಾರವುಂಟು. ನಾಲ್ಕು ತೆರನಾದರೆ, ಕಲ್ಪನೆ ನಿಮ್ಮದು. ಬಣ್ಣದ ವಿಷಯದಲ್ಲಂತೂ ಪ್ರಯೋಗ ಇನ್ನೂ ಸುಲಭ: ಹಳೆಯ ಪೋಸ್ಟರಿನ ತುಂಡೊಂದರ ಅರ್ಧಭಾಗಕ್ಕೆ ದಪ್ಪ ರಟ್ಟನ್ನು ಬಿಗಿದು, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಮಾಳಿಗೆಯ ಮೇಲೆ ಬಿಸಿಲಿಗಿಡಿ. ಜೂನಿನ ಮಳೆಗೆ ಮುಂಚೆ ರಟ್ಟನ್ನು ತೆಗೆಯಿರಿ.