ಅರ್ಧ ಹಾಳೆಯ ಸ್ವಾಭಿಮಾನ

'ನಮ್ಮ ಕೆಲಸ ಮಾತಾಡಬೇಕು, ನಾವಲ್ಲ' ಎಂದು ಸಂಘದ ಸಮಾರಂಭಗಳಲ್ಲಿ ಹಿರಿಯರು ಹೇಳುತ್ತಾರೆ. ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ನಾನೂ ತಟ್ಟಿದವನೇ. ಆ ಚಪ್ಪಾಳೆಯನ್ನು ಹಿಂದಕ್ಕೆ ಪಡೆಯುವುದಕ್ಕಾಗಿಯೇ ಈ ಲೇಖನ. ಕೆಲಸ ಮಾತಾಡುವುದು ಕೆಲಸ ಕೈಗೆ ಸಿಕ್ಕಿದ ಮೇಲೆ. ಸಿಗುವುದಕ್ಕೆ ಮುಂಚೆ ಮಾತಾಡುವುದು ಕಾಗದ. ಆ ಕಾಗದ ಬರೆಯುವುದಕ್ಕೆ ನಾಚುವ ಗುಣವನ್ನು ನಾವು ವಿನಯವೆಂದು ಕರೆದುಕೊಳ್ಳುತ್ತಿದ್ದೇವೆ. ಅದು ವಿನಯವಲ್ಲ, ಮೈಗಳ್ಳತನ ಎಂಬುದು ನನ್ನ ತಕರಾರು.

ಸಾನಪಾಡಾದ ನಮ್ಮ ಸೊಸಾಯಿಟಿಯ ಕಟ್ಟಡಕ್ಕೆ ಮೂವತ್ತು ವರ್ಷ ಹತ್ತಿರವಾಗಿತ್ತು. ಮಹಾರಾಷ್ಟ್ರದ ಸೊಸಾಯಿಟಿಗಳ ಮಾದರಿ ಉಪವಿಧಿಗಳ ಪ್ರಕಾರ ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, ಮೂವತ್ತು ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಜೊತೆಗೆ ಮೇಲಿನ ಮಹಡಿಯವರು ಪ್ರತಿ ಜುಲೈಯಲ್ಲಿ ನಡುಮನೆಯಲ್ಲಿ ಬಕೆಟ್ಟು ಇಡುತ್ತಿದ್ದರು. ಆಡಿಟ್ ಮಾಡಿ, ರಿಪೇರಿಯ ಅಂದಾಜು ಹಾಕಿ, ಉಸ್ತುವಾರಿ ನೋಡಿಕೊಳ್ಳಲು ಒಬ್ಬ ಕನ್ಸಲ್ಟಂಟರನ್ನು ನೇಮಿಸಬೇಕೆಂದು ಕಮಿಟಿ ನಿಶ್ಚಯಿಸಿ ಪ್ರಪೋಸಲುಗಳನ್ನು ಕರೆಯಿತು. ಕೇಂದ್ರ ಸರ್ಕಾರದ ಗುಮಾಸ್ತನಿಗೆ ಕಡತ ಕಟ್ಟುವುದು ಬರುತ್ತದೆಂದು ಆ ಫೈಲು ನನ್ನ ತಲೆಗೆ ಬಂತು.

ಐದು ಪ್ರಪೋಸಲು ಬಂದವು. ಒಂದು ನಲವತ್ತು ಪುಟದ್ದು, ನುಣುಪು ಕಾಗದ, ಅರ್ಧ ಭಾಗ ಯಜಮಾನರ ಭಾವಚಿತ್ರಗಳು. ಅದರ ನಡುವೆ ನಮ್ಮ ಕಟ್ಟಡದ ಹೆಸರಿರಬೇಕಾದ ಜಾಗದಲ್ಲಿ ನೆರೂಳಿನ ಯಾವುದೋ ಕಟ್ಟಡದ ಹೆಸರು ಉಳಿದುಹೋಗಿತ್ತು! ಐದನೆಯದು ನಮ್ಮವರದು. ಕುಂದಾಪುರದ ಕಡೆಯವರು, ಸಿವಿಲ್ ಇಂಜಿನಿಯರು, ಇಪ್ಪತ್ತೈದು ವರ್ಷದ ಅನುಭವ. ಐವರಲ್ಲಿ ಟೆರೇಸು ಹತ್ತಿದವರು ಅವರೊಬ್ಬರೇ. ಒಂದು ಭಾನುವಾರ ಬಂದು, ಸಣ್ಣ ಸುತ್ತಿಗೆಯಿಂದ ಕಂಬಗಳನ್ನು ತಟ್ಟಿ ನೋಡಿ, ನೀರಿನ ಟಾಕಿಯ ಕೆಳಗೆ ಮೊಣಕಾಲೂರಿ ಕೂತು, ಬೆವರು ಒರೆಸಿಕೊಳ್ಳುತ್ತ ನನಗೆ ಹೇಳಿದರು: "ನೀರು ಬರ್ತಾ ಇರುವುದು ಟೆರೇಸಿನಿಂದ ಅಲ್ಲ ಮಾರಾಯ್ರೆ. ಪೈಪುಗಳ ಹಿಂದಿನ ಗೋಡೆ ಬಿರುಕು ಬಿಟ್ಟಿದೆ, ಅಲ್ಲಿಂದ."

ಅವರ ಪ್ರಪೋಸಲು ಅರ್ಧ ಹಾಳೆ. ತಮ್ಮ ಕಟ್ಟಡವನ್ನು ನೋಡಿದ್ದೇನೆ, ಕೆಲಸವನ್ನು ತೃಪ್ತಿಕರವಾಗಿ ಮಾಡಿಕೊಡುತ್ತೇನೆ, ಫೀಸಿನ ವಿಷಯ ಮುಖತಃ ಮಾತಾಡೋಣ. ಅಷ್ಟೇ. ಪೈಪಿನ ಹಿಂದಿನ ಗೋಡೆಯ ಸುದ್ದಿಯೇ ಇಲ್ಲ!

ಜನರಲ್ ಬಾಡಿ ಸಭೆಯಲ್ಲಿ ಮರಾಠಿ, ಗುಜರಾತಿ, ಮಲೆಯಾಳಿ, ತಮಿಳು, ಎಲ್ಲ ಮನೆಯವರೂ ಇದ್ದರು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೇಳಿದರು: ಇವರು ಎಷ್ಟು ತಿಂಗಳು ತೆಗೆದುಕೊಳ್ಳುತ್ತಾರೆ? ಫೀಸೆಷ್ಟು? ಉಸ್ತುವಾರಿಗೆ ವಾರಕ್ಕೆ ಎಷ್ಟು ಸಲ ಬರುತ್ತಾರೆ? ನಾನು ಹಾಳೆಯನ್ನು ತಿರುಗಿಸಿ ನೋಡಿದೆ. ಹಿಂಬದಿ ಖಾಲಿಯಿತ್ತು. ಕೈ ಎತ್ತುವ ಹೊತ್ತಿಗೆ ನಾನೂ ಅವರ ಪರವಾಗಿ ಎತ್ತಲಿಲ್ಲ. ಎಲ್ಲರಿಗಿಂತ ಕಡಿಮೆ ಫೀಸಿನವರು ಆಯ್ಕೆಯಾದರು. ಅವರ ಕಾಗದದಲ್ಲಿ ಉಸ್ತುವಾರಿಯ ಮಾತು ಇರಲಿಲ್ಲವೆಂಬುದು ಪ್ರತಿ ಭೇಟಿಗೂ ಬೇರೆ ಬಿಲ್ಲು ಬರತೊಡಗಿದ ಮೇಲೆ ತಿಳಿಯಿತು. ಟೆರೇಸಿಗೆ ಖರ್ಚು ಮಾಡಿ ವಾಟರ್‌ಪ್ರೂಫಿಂಗ್ ಆಯಿತು. ಮುಂದಿನ ಜುಲೈಯಲ್ಲಿ ಬಕೆಟ್ಟು ಮತ್ತೆ ಅದೇ ಜಾಗದಲ್ಲಿತ್ತು. ಕೊನೆಗೆ ಪೈಪುಗಳ ಹಿಂದಿನ ಗೋಡೆ ಒಡೆದು ನೋಡಿದಾಗ ನೀರು ಸಿಕ್ಕಿದ್ದು ಅಲ್ಲೇ.

ಸಂಘದ ಒಂದು ಕಾರ್ಯಕ್ರಮದಲ್ಲಿ ಆ ಇಂಜಿನಿಯರು ಎದುರಾದರು. "ನಮ್ಮವರಾಗಿ ನೀವೊಂದು ಮಾತು ಆಡಬಹುದಿತ್ತಲ್ಲ ಮಾರಾಯ್ರೆ" ಎಂದರು. "ನಿಮ್ಮ ಕಾಗದವೇ ಒಂದು ಮಾತು ಆಡಬಹುದಿತ್ತಲ್ಲ" ಎಂದೆ. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಅವರನ್ನು ಪೂರ್ತಿ ದೂರಲಾರೆ. ಮುಂಬಯಿಗೆ ಬಂದ ನಮ್ಮ ಹಿಂದಿನ ತಲೆಮಾರಿನವರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಬಾಯಿಮಾತಿನ ವಿಶ್ವಾಸದ ಮೇಲೆ ವ್ಯವಹಾರ ಕಟ್ಟಿದವರು. ಗಿರಾಕಿ ಎದುರಿಗಿದ್ದ, ಇಡ್ಲಿ ತಟ್ಟೆಯಲ್ಲಿತ್ತು. ತಿಂದು ನೋಡಿ ತೀರ್ಪು ಕೊಡಬಹುದಿತ್ತು. ಸಲಹೆಗಾರನ ಸರಕು ಹಾಗಲ್ಲ. ಅದು ಕೊಳ್ಳುವ ದಿನ ಕಣ್ಣಿಗೆ ಕಾಣುವುದಿಲ್ಲ. ತೀರ್ಮಾನವಾಗುವುದು ನೀವಿಲ್ಲದ ಕೋಣೆಯಲ್ಲಿ, ನಿಮ್ಮನ್ನು ಕಂಡರಿಯದ ಅರವತ್ತು ಜನರ ನಡುವೆ. ಅಲ್ಲಿ ನಿಮ್ಮ ಪರ ನಿಲ್ಲುವ ವಕೀಲ ನಿಮ್ಮ ಪ್ರಪೋಸಲು ಮಾತ್ರ. ಮೂಗ ವಕೀಲನನ್ನು ಕಳಿಸಿ ಮೊಕದ್ದಮೆ ಸೋತೆವೆಂದು ಅಳುವುದು ಯಾವ ನ್ಯಾಯ?

ಬರೆದುಕೊಳ್ಳುವುದು ಬಡಾಯಿ ಎನ್ನುವವರಿಗೆ ನಮ್ಮ ವಿಶ್ವೇಶ್ವರಯ್ಯನವರನ್ನೇ ತೋರಿಸುತ್ತೇನೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದಾಗ ನಿಜಾಮರ ಸರ್ಕಾರ ಅವರನ್ನು ಸಲಹೆಗಾರ ಇಂಜಿನಿಯರರಾಗಿ ಕರೆಸಿಕೊಂಡಿತು. ಅವರು ಬರೆದುಕೊಟ್ಟದ್ದು ಕೆಲಸ ಕೇಳುವ ಪತ್ರವಲ್ಲ, ವರದಿ. ಆದರೂ ಪಾಠ ಒಂದೇ. ನಗರದ ಮೇಲ್ಗಡೆ ನೀರನ್ನು ಎಲ್ಲಿ ತಡೆಯಬೇಕು, ನದಿಯ ದಂಡೆಗಳನ್ನೂ ಊರಿನ ಚರಂಡಿಗಳನ್ನೂ ಹೇಗೆ ಸರಿಪಡಿಸಬೇಕು ಎಂಬುದನ್ನು ಅವರು ಕಾಗದಕ್ಕಿಳಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದು ನಿಂತದ್ದು ಅದರಿಂದ. ತೃಪ್ತಿಕರವಾಗಿ ಮಾಡಿಕೊಡುತ್ತೇನೆ, ಉಳಿದದ್ದು ಮುಖತಃ ಎಂದು ಅವರು ಬರೆದಿದ್ದರೆ ಆ ಕೆರೆಗಳು ಎಲ್ಲಿರುತ್ತಿದ್ದವು? ಅವರಿಗಿಂತ ನಾವು ಹೆಚ್ಚು ವಿನಯಶಾಲಿಗಳೇ?

ಕಡಿಮೆ ಫೀಸು ಹೇಳಿದವನೇ ಗೆಲ್ಲುವುದಾದರೆ ಬರೆದೇನು ಪ್ರಯೋಜನ ಎಂಬುದು ಇನ್ನೊಂದು ಆಕ್ಷೇಪ. ನನ್ನ ಕಚೇರಿಯ ನಿಯಮವನ್ನು ಕೇಳಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಗುಣಮಟ್ಟ ಮುಖ್ಯವಾದ ಸಲಹೆಯ ಕೆಲಸಕ್ಕೆ, ಗುಣಕ್ಕೂ ಬೆಲೆಗೂ ಸೇರಿಸಿ ಅಂಕ ಕೊಡುವ ಪದ್ಧತಿಯಿದೆ. ಗುಣದ ಪಾಲು ನೂರಕ್ಕೆ ಎಂಬತ್ತನ್ನು ಮೀರಬಾರದು, ಅಷ್ಟೇ. ಎಪ್ಪತ್ತು-ಮೂವತ್ತು ಎಂದಿಟ್ಟುಕೊಳ್ಳೋಣ. ಒಬ್ಬರ ಪ್ರಪೋಸಲಿಗೆ 90 ಅಂಕ, ಫೀಸು 1,20,000 ರೂಪಾಯಿ. ಇನ್ನೊಬ್ಬರಿಗೆ 70 ಅಂಕ, ಫೀಸು 1,00,000. ಮೊದಲಿನವರಿಗೆ ಗುಣದಿಂದ 63, ಬೆಲೆಯಿಂದ 25, ಒಟ್ಟು 88. ಎರಡನೆಯವರಿಗೆ 49 ಮತ್ತು 30, ಒಟ್ಟು 79. ಇಪ್ಪತ್ತು ಸಾವಿರ ಹೆಚ್ಚು ಕೇಳಿದವರೇ ಗೆದ್ದರು! ಆ 90 ಅಂಕ ಬರುವುದು ಅನುಭವ, ಕೆಲಸದ ಕ್ರಮ, ಬರುವ ಜನರ ಯೋಗ್ಯತೆ ಇವುಗಳಿಂದ. ಇವೆಲ್ಲ ಕಾಗದದಲ್ಲಿ ಇದ್ದರೆ ಮಾತ್ರ ಉಂಟು. ಅರ್ಧ ಹಾಳೆಗೆ ಬ್ರಹ್ಮನೂ ಅಂಕ ಕೊಡಲಾರ.

ಹಾಗಾದರೆ ಬರೆಯಬೇಕಾದದ್ದೇನು? ನಾಲ್ಕು ಪುಟ ಸಾಕು. ಮೊದಲ ಪುಟ ನಿಮ್ಮದಲ್ಲ, ಕೆಲಸ ಕೊಡುವವರದು. ಅವರ ಕಷ್ಟವನ್ನು ಅವರದೇ ಮಾತಿನಲ್ಲಿ ಬರೆಯಿರಿ, ನೀವು ಕಣ್ಣಾರೆ ಕಂಡದ್ದನ್ನು ಸೇರಿಸಿ. 'ಮೇಲಿನ ಮಹಡಿಯಲ್ಲಿ ಬಕೆಟ್ಟು ಇಡುತ್ತೀರಿ, ಕಾರಣ ಟೆರೇಸಲ್ಲ, ಪೈಪಿನ ಹಿಂದಿನ ಗೋಡೆಯಿರಬಹುದು' ಎಂಬ ಒಂದೇ ವಾಕ್ಯ ನಮ್ಮ ಸಭೆಯನ್ನು ಗೆಲ್ಲುತ್ತಿತ್ತು. ಅನಂತರ ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂಬುದು. ಈ ಎರಡನೆಯದನ್ನು ಬರೆಯದವರಿಂದಲೇ ಮುಂದೆ ಜಗಳ. ಎಷ್ಟು ದಿನ, ಯಾರು ಬರುತ್ತಾರೆ, ಎಷ್ಟು ಸಲ. ಹಿಂದೆ ಇಂಥದೇ ಕೆಲಸ ಎಲ್ಲಿ ಮಾಡಿದ್ದೀರಿ, ಅಲ್ಲಿ ಯಾರನ್ನು ಕೇಳಬಹುದು. ಕೊನೆಗೆ ಫೀಸು ಅಂಕಿಯಲ್ಲಿ: ಯಾವ ಹಂತಕ್ಕೆ ಎಷ್ಟು, ಶೇಕಡಾ 18ರ ಜಿ.ಎಸ್.ಟಿ. ಒಳಗೋ ಹೊರಗೋ. ಫೀಸು ಕೇಳಲು ನಾಚುವವರು ಕೆಲಸ ಮುಗಿದ ಮೇಲೆ ಬೇಡಬೇಕಾಗುತ್ತದೆ. ಎರಡರಲ್ಲಿ ಯಾವುದು ಮಾನ?

ಇದೆಲ್ಲ ಒಂದು ಬಕೆಟ್ಟಿನ ಮಾತಲ್ಲ. ವಾಶಿ, ನೆರೂಳು, ಸಾನಪಾಡಾಗಳ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್ನಿರ್ಮಾಣದ ದಾರಿ ಹಿಡಿಯುತ್ತಿವೆ. ಮಹಾರಾಷ್ಟ್ರ ಸರ್ಕಾರ 2009ರ ಜನವರಿ 3ರಂದು ಹೊರಡಿಸಿ, 2019ರ ಜುಲೈ 4ರಂದು ಪರಿಷ್ಕರಿಸಿದ 79-ಎ ಸೂಚನೆಗಳ ಪ್ರಕಾರ, ಇಂಥ ಸೊಸಾಯಿಟಿ ಬಿಲ್ಡರನ್ನು ಆರಿಸುವ ಮುಂಚೆ ಕನ್ಸಲ್ಟಂಟರನ್ನು ಸಭೆಯಲ್ಲಿಯೇ ಆರಿಸಬೇಕು. ನಮ್ಮ ಮಕ್ಕಳಲ್ಲಿ ಇಂಜಿನಿಯರುಗಳಿದ್ದಾರೆ, ಆರ್ಕಿಟೆಕ್ಟರಿದ್ದಾರೆ, ಚಾರ್ಟರ್ಡ್ ಅಕೌಂಟಂಟರಿದ್ದಾರೆ. ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೂ ಸಂಬಳಕ್ಕೆ ಬೇರೆಯವರ ಕೈಕೆಳಗೆ ದುಡಿಯುತ್ತಾರೆ. ಸ್ವಂತ ಬೋರ್ಡು ಹಾಕಿದವರು, ನಮ್ಮವರು ಕೆಲಸ ಕೊಡಿಸಲಿಲ್ಲ ಎಂದು ಗೊಣಗುತ್ತಾರೆ. ನಮ್ಮವರೆಂಬ ಕಾರಣಕ್ಕೆ ಅರವತ್ತು ಮನೆಗಳ ಹಣವನ್ನು ಒಪ್ಪಿಸಲು ನನಗೆ ಯಾವ ಹಕ್ಕೂ ಇಲ್ಲ. ಆ ಮಾತನ್ನು ಈಗಲೂ ಹಿಂದಕ್ಕೆ ಪಡೆಯುವುದಿಲ್ಲ.

ಆದರೆ ಒಂದು ತಪ್ಪು ನನ್ನದೂ ಇದೆ. ಆ ಅರ್ಧ ಹಾಳೆ ಸಭೆಗೆ ಹತ್ತು ದಿನ ಮುಂಚೆಯೇ ನನ್ನ ಕೈಗೆ ಬಂದಿತ್ತು. ಸಭೆಯಲ್ಲಿ ಇಂಥಿಂಥ ಪ್ರಶ್ನೆ ಬರುತ್ತವೆ, ಇವಿಷ್ಟನ್ನು ಬರೆದು ಕಳಿಸಿ ಎಂದು ಐವರಿಗೂ ಸಮನಾಗಿ ಒಂದು ಪತ್ರ ಹಾಕಬಹುದಿತ್ತು. ಅದು ಪಕ್ಷಪಾತವಾಗುತ್ತಿರಲಿಲ್ಲ, ಪ್ರಪೋಸಲು ಕರೆಯುವವರ ಕರ್ತವ್ಯವಾಗಿತ್ತು. ಅವರು ಬರೆಯಲಿಲ್ಲ, ನಾವು ಕೇಳಲಿಲ್ಲ, ಬಕೆಟ್ಟು ಮಾತ್ರ ತುಂಬಿತು.

ಆದುದರಿಂದ ಸಂಘದ ಪದಾಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ. ವರ್ಷಕ್ಕೆ ಎಷ್ಟು ಶಾಲು, ಎಷ್ಟು ಹಾರ ಹಾಕುತ್ತೇವೋ ಹಾಕೋಣ. ಅವುಗಳಲ್ಲಿ ಒಂದು ಸನ್ಮಾನದ ಖರ್ಚನ್ನು ಉಳಿಸಿ, ಎರಡು ಭಾನುವಾರ ಸಭಾಗೃಹದಲ್ಲಿ ಮೇಜು ಹಾಕಿ, ಕೆಲಸ ಗೆದ್ದವರೂ ಸೋತವರೂ ತಂತಮ್ಮ ಪ್ರಪೋಸಲುಗಳನ್ನು ತಂದು ಹುಡುಗರ ಮುಂದೆ ಬಿಚ್ಚಿಡಲಿ. ಕುಂದಾಪುರದ ಆ ಮಹನೀಯರನ್ನು ಕರೆಯಲು ನಾನೇ ಹೋಗುತ್ತೇನೆ. ಬಾಗಿಲು ತೆರೆಯದಿದ್ದರೆ ಕಾಗದ ಬರೆಯುತ್ತೇನೆ, ಎರಡೂ ಬದಿ ತುಂಬುವಂತೆ.