ಮಗೂನ ಎಲ್ಲಿ ಬಿಟ್ಟು ಬಂದ್ರಿ?

ಎರಡೂವರೆ ವರ್ಷದಿಂದ ಕಛೇರಿ ಮುಗಿಸಿ ವೇದಿಕೆ ಇಳಿದಾಗಲೆಲ್ಲ ನಾನು ಮೊದಲು ಕೇಳಿಸಿಕೊಳ್ಳೋ ಪ್ರಶ್ನೆ ಇದೇ. ಕಾಂಬೋಧಿ ಹೇಗಿತ್ತು ಅನ್ನೋ ಮಾತು ಆಮೇಲೆ. ಪಕ್ಕದಲ್ಲೇ ಮೃದಂಗವನ್ನ ಚೀಲಕ್ಕೆ ಹಾಕ್ತಾ ಕೂತಿರೋ ವಿದ್ವಾಂಸರಿಗೂ ನಾಲ್ಕು ವರ್ಷದ ಮಗಳಿದ್ದಾಳೆ. ಅವರನ್ನ ಯಾರೂ ಕೇಳಲ್ಲ. ಒಂದ್ಸಲ ನಾನೇ ಕೇಳಿಬಿಟ್ಟೆ, "ಸಾರ್, ಮಗೂನ ಎಲ್ಲಿ ಬಿಟ್ಟು ಬಂದ್ರಿ?" ಅಂತ. ಪಾಪ, ಮಗುಗೆ ಏನೋ ಆಗಿದೆ ಅಂದ್ಕೊಂಡು ಗಾಬರಿಯಾಗಿ ಮನೆಗೆ ಫೋನ್ ಹಚ್ಚಿದರು.

ನಾನಿರೋದು ಚನ್ನಪಟ್ಟಣದಲ್ಲಿ. ಮೈಸೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ದೊಡ್ಡಮಳೂರು. ಅಲ್ಲಿ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲು ಕೃಷ್ಣ ಇದ್ದಾನೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ತೊಟ್ಟಿಲು ಒಪ್ಪಿಸಿ ಹೋಗ್ತಾರೆ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಈ ಕೃಷ್ಣನ ಮುಂದೆಯೇ ಅನ್ನೋದು ನಮ್ಮ ಕಡೆಯ ನಂಬಿಕೆ. ತಾಯಿಯೊಬ್ಬಳು ಮಗುವನ್ನು ಆಡಿಸುವ ಹಾಡು ಅದು. ಬಿ.ಎಸ್. ರಾಜಯ್ಯಂಗಾರ್ ಗ್ರಾಮಫೋನಿನ ಕಾಲದಲ್ಲಿ ಅದನ್ನ ಮನೆಮಾತು ಮಾಡಿದರು, ಎಂ.ಎಸ್. ಸುಬ್ಬುಲಕ್ಷ್ಮಿ ದೇಶಕ್ಕೇ ಕೇಳಿಸಿದರು. ಇವತ್ತಿಗೂ ಕಛೇರಿಯ ಕೊನೆಗೆ ಅದನ್ನೇ ಹಾಡಿ ಅಂತ ಚೀಟಿ ಬರುತ್ತೆ, ಕಾಪಿ ರಾಗ ಎತ್ತಿದ ಕೂಡಲೇ ಮುಂದಿನ ಸಾಲಿನವರ ಕಣ್ಣು ಒದ್ದೆ. ಯಶೋದೆ ಅಂದ್ರೆ ಇಷ್ಟು ಕರಗುವ ಮಂದಿ, ಹಾಡುವವಳೇ ತಾಯಿಯಾದರೆ ಮುಂದಿನ ವರ್ಷದ ಪಟ್ಟಿಯಿಂದ ಅವಳ ಹೆಸರು ತೆಗೀತಾರೆ.

ಉತ್ಪ್ರೇಕ್ಷೆ ಅನ್ನಬೇಡಿ. ಮಾಗಡಿ ಕಡೆಯ ಒಂದು ಉತ್ಸವದಲ್ಲಿ ಮದುವೆಗೆ ಮುಂಚೆಯಿಂದ ಹಾಡ್ತಿದ್ದೆ. ಹೆರಿಗೆಯಾಗಿ ಏಳು ತಿಂಗಳಾಗಿತ್ತು, ನಾನೇ ಫೋನ್ ಮಾಡಿದೆ. "ಬಾಣಂತನ ಮುಗೀಲಿ ಮೇಡಂ, ರೆಸ್ಟ್ ತಗೊಳ್ಳಿ" ಅಂದರು. ಮರುವರ್ಷ, "ಮಗು ಇನ್ನೂ ಚಿಕ್ಕದಲ್ವಾ?" ಅದರ ಮರುವರ್ಷ, "ಓ, ನೀವೀಗ ಹಾಡೋದು ಬಿಟ್ಟಿದ್ದೀರ ಅಂದ್ಕೊಂಡ್ವಲ್ಲ!" ಬಿಟ್ಟವರು ಯಾರು, ಬಿಡಿಸಿದವರು ಯಾರು?

ಮೈ ಬದಲಾಗೋದು ಸುಳ್ಳೇನಲ್ಲ. ಸಿಸೇರಿಯನ್ ಆದ ಮೇಲೆ ನಾಭಿಯಿಂದ ಉಸಿರು ಎಳೆದು ಹಾಡೋದನ್ನ ನಾನು ಮತ್ತೆ ಮೊದಲಿಂದ ಕಲಿಯಬೇಕಾಯ್ತು. ಐದು ತಿಂಗಳು ತಾರಸ್ಥಾಯಿ ನಿಲ್ಲಲೇ ಇಲ್ಲ. ಐದೂವರೆ ಮನೆ ಶ್ರುತಿಯಲ್ಲಿ ಹಾಡ್ತಿದ್ದವಳು ಐದಕ್ಕೆ ಇಳಿದೆ. ಬೆಳಗಿನ ಜಾವ ನಾಲ್ಕೂವರೆಗೆ ಅಡುಗೆಮನೆ ಬಾಗಿಲು ಹಾಕ್ಕೊಂಡು, ಎಲೆಕ್ಟ್ರಾನಿಕ್ ತಂಬೂರಿಯ ದನಿ ತಗ್ಗಿಸಿ ಸಾಧನೆ ಮಾಡಿದೆ. ಒಂದು ಕಛೇರಿಯಲ್ಲಿ ಆಲಾಪನೆಯ ನಡುವೆ ಒಳಕೋಣೆಯಿಂದ ಮಗುವಿನ ಅಳು ಕೇಳಿ ಎದೆಹಾಲು ಸೋರಿ ರವಿಕೆ ಒದ್ದೆಯಾಯ್ತು. ಸೆರಗು ಹೊದ್ದುಕೊಂಡೇ ತನಿ ಆವರ್ತನ ಕಳೆದು ಮಂಗಳದ ತನಕ ಹಾಡಿದೆ. ಇದು ನನ್ನ ಮೈ, ನಾನು ನಿಭಾಯಿಸ್ಕೊಳ್ತೀನಿ. ಹಾಡೋಕಾಗುತ್ತಾ ಇಲ್ವಾ ಅಂತ ಹೇಳಬೇಕಾದವಳು ನಾನು, ಉತ್ಸವ ಸಮಿತಿಯಲ್ಲ.

ಇಂಥ ಮಾತು ಆಡಿದರೆ ಸಾಕು, ಗಂಗೂಬಾಯಿ ಹಾನಗಲ್ ಅವರನ್ನ ತಂದು ನಿಲ್ಲಿಸ್ತಾರೆ. "ಅವರು ಮೂರು ಮಕ್ಕಳ ತಾಯಿ, ಆ ಕಾಲದಲ್ಲಿ ಹಾಡಲಿಲ್ವಾ?" ಹಾಡಿದರು. ಹುಬ್ಬಳ್ಳಿಯಿಂದ ರೈಲಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ರ ಕಲಿತರು, ಹಾಡಿದ ದುಡ್ಡಿನಲ್ಲೇ ಸಂಸಾರ ಎಳೆದರು. ಆದರೆ ಈ ಕಥೆ ಹೇಳೋರು ಅಂಬಾಬಾಯಿ ಹೆಸರು ಎತ್ತಲ್ಲ. ಗಂಗೂಬಾಯಿಯವರ ತಾಯಿ, ಕರ್ನಾಟಕ ಸಂಗೀತದ ಒಳ್ಳೇ ಹಾಡುಗಾರ್ತಿ. ಹಿಂದೂಸ್ತಾನಿ ಕಲಿಯುತ್ತಿದ್ದ ಮಗಳ ಕಿವಿಗೆ ತನ್ನ ಸಂಗೀತ ಬಿದ್ದು ಬೆರಕೆಯಾಗಬಾರದು ಅಂತ ಅವರು ಹಾಡೋದನ್ನೇ ನಿಲ್ಲಿಸಿದರು. ಒಬ್ಬ ತಾಯಿ ಹಾಡಿದ್ದನ್ನ ನನಗೆ ಉದಾಹರಣೆ ಕೊಡ್ತೀರಲ್ಲ, ಇನ್ನೊಬ್ಬ ತಾಯಿ ಹಾಡು ನಿಲ್ಲಿಸಿದ್ದನ್ನ ಯಾವ ಲೆಕ್ಕಕ್ಕೆ ಹಾಕ್ತೀರಿ?

ಈಗ ದುಡ್ಡಿನ ವಿಷಯ. ಆರು ದೇವರನಾಮಗಳ ಒಂದು ಆಲ್ಬಂ ಮಾಡ್ತಿದ್ದೀನಿ. ಬೆಂಗಳೂರಿನ ಸ್ಟುಡಿಯೋ ಗಂಟೆಗೆ ಸಾವಿರದಂತೆ 24 ಗಂಟೆ. ಪಿಟೀಲು, ಮೃದಂಗ ಎರಡು ದಿನಕ್ಕೆ 32,000. ಖಂಜಿರ 6,000. ಮಿಕ್ಸಿಂಗ್, ಮಾಸ್ಟರಿಂಗ್ 30,000. ಮುಖಚಿತ್ರ, ವಿಡಿಯೋ 18,000. ಒಟ್ಟು 1,10,000 ರೂಪಾಯಿ. ಲೆಕ್ಕ ಬರೆದು ಮುಗಿಸಿದ ಮೇಲೆ ನೋಡಿದೆ, ಹಾಡುವವಳಿಗೆ ಸಂಭಾವನೆ ಅನ್ನೋ ಸಾಲೇ ಇಲ್ಲ. ಮಗು ನೋಡ್ಕೊಳ್ಳೋರಿಗೆ ಅನ್ನೋ ಸಾಲೂ ಇಲ್ಲ. ನಾನೇ ಬರೆದ ಲೆಕ್ಕ ಅದು! 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ ಆಗಿರೋದ್ರಿಂದ ಓಡಾಟದ ಖರ್ಚೊಂದು ಉಳಿದಿದೆ.

ಸಹಾಯಧನ ಇಲ್ವಾ ಅಂತೀರಾ? ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ. ಬಿಸ್ಮಿಲ್ಲಾ ಖಾನ್ ಯುವ ಪುರಸ್ಕಾರಕ್ಕೂ ವಯಸ್ಸಿನ ಗಡಿ ಇದೆ. ಹೆಣ್ಣುಮಕ್ಕಳಿಗೆ ಮದುವೆ, ಬಸಿರು, ಬಾಣಂತನ ಎಲ್ಲ ಬರೋದು ಆ ವರ್ಷಗಳಲ್ಲೇ. 2017ರ ತಿದ್ದುಪಡಿ 26 ವಾರ ಸಂಬಳಸಹಿತ ಹೆರಿಗೆ ರಜೆ ಕೊಟ್ಟಿದ್ದು ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆಗೆ. ರಾಮನವಮಿ ಪೆಂಡಾಲಲ್ಲಿ ಕೂತು ಹಾಡೋಳಿಗೆ ಸಂಬಳವೇ ಇಲ್ಲ, ರಜೆ ಎಲ್ಲಿಂದ ಬರಬೇಕು?

ಊರಲ್ಲಿ ಕೊಡುಗೈ ದಾನಿ ಅಂತ ಹೆಸರಾದ ಒಬ್ಬರ ಹತ್ರ ಹೋದೆ. ಗಣೇಶನ ಆರ್ಕೆಸ್ಟ್ರಾಕ್ಕೆ ಪ್ರತಿವರ್ಷ ಕೊಡೋರು. (ಆರ್ಕೆಸ್ಟ್ರಾದವರ ಮೇಲೆ ನನಗೇನೂ ಸಿಟ್ಟಿಲ್ಲ, ಅವರು ಮೊದಲೇ ಅಡ್ವಾನ್ಸ್ ಇಸ್ಕೊಳ್ತಾರೆ, ಜಾಣರು.) ಕಾಫಿ ಕೊಟ್ಟು, "ಈಗ ಮಗು ಕಡೆ ಗಮನ ಕೊಡಮ್ಮ, ಹಾಡು ಎಲ್ಲಿ ಹೋಗುತ್ತೆ?" ಅಂದರು. ಗಂಟಲು ಬ್ಯಾಂಕಿನ ಠೇವಣಿ ಅಲ್ಲ ಸ್ವಾಮಿ, ಐದು ವರ್ಷ ಮುಟ್ಟದೆ ಬಿಟ್ಟರೆ ಬಡ್ಡಿ ಸೇರಿ ಬರೋಕೆ.

ಕೊನೆಗೆ ದುಡ್ಡು ಹೊಂದಿದ್ದು ಹೀಗೆ. ಬಳೆ ಅಡವಿಟ್ಟು 60,000. ಪಾಠ ಹೇಳಿ ಕೂಡಿಟ್ಟಿದ್ದು 25,000. ಉಳಿದ 25,000 ನಮ್ಮತ್ತೆ ಕೊಟ್ಟರು. ಅವರು ಕನಕಪುರದ ಹತ್ತಿರದ ಹಳ್ಳೀಲಿ ರೇಷ್ಮೆ ಹುಳ ಸಾಕ್ತಾರೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ದುಡ್ಡು ಅದು. "ನಾನು ಮೂರು ಮಕ್ಕಳ ಕಟ್ಕೊಂಡು ಹುಳ ಸಾಕ್ದೆ. ನಾಕ್ನೇ ಜ್ವರ ಎದ್ದ ಹುಳ ರಾತ್ರಿ ಹಗಲು ಸೊಪ್ಪು ಕೇಳ್ತವೆ. ಮಕ್ಳನ್ನೆಲ್ಲಿ ಬಿಟ್ಟೆ ಅಂತ ಒಬ್ರೂ ಕೇಳ್ಲಿಲ್ಲ ಕಣವ್ವ. ಅದು ದುಡ್ಡು ಬರೋ ಕೆಲ್ಸ ನೋಡು" ಅಂದರು.

ಇಷ್ಟು ನೇರವಾಗಿ ನನಗೆ ಯಾವ ಸಭಾದವರೂ ಹೇಳಿರಲಿಲ್ಲ. ನನ್ನದು ಕೆಲಸ ಅಂತ ನೀವು ಒಪ್ಪಿಲ್ಲ, ಹವ್ಯಾಸ ಅಂದ್ಕೊಂಡಿದ್ದೀರಿ. ಅದಕ್ಕೇ ಶಾಲು, ತೆಂಗಿನಕಾಯಿ, ಪ್ರಸಾದ ಕೊಟ್ಟು ಕಳಿಸ್ತೀರಿ. ಅದಕ್ಕೇ "ಹೇಗೆ ಬ್ಯಾಲೆನ್ಸ್ ಮಾಡ್ತೀರಾ?" ಅಂತ ಕೇಳ್ತೀರಿ.

ಒಡವೆ ವಿಷಯಕ್ಕೆ ಒಂದು ಮಾತು. ಆರಾಧನೆಯಲ್ಲಿ ಹೆಂಗಸರಿಗೆ ಹಾಡೋಕೆ ಬಿಡದಿದ್ದ ಕಾಲದಲ್ಲಿ ಬೆಂಗಳೂರು ನಾಗರತ್ನಮ್ಮ ತಮ್ಮ ಸಂಪಾದನೆ, ಒಡವೆ ಎಲ್ಲ ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಿದರು. ಆ ತ್ಯಾಗವನ್ನ ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ನೂರು ವರ್ಷ ಆದ ಮೇಲೂ ಹೆಂಗಸಿನ ಸಂಗೀತಕ್ಕೆ ಬಂಡವಾಳ ಅವಳ ಮೈಮೇಲಿನ ಚಿನ್ನವೇ ಅನ್ನೋದಾದ್ರೆ, ನಾಚಿಕೆ ಪಡಬೇಕಾದೋರು ಯಾರು?

ನನಗೆ ಕನಿಕರ ಬೇಡ. ಕರೆಯೋದಾದ್ರೆ ಸಂಭಾವನೆ ಎಷ್ಟು ಅಂತ ಮೊದಲೇ ಹೇಳಿ. ಹಾಲು ಕುಡಿಸೋಕೆ ಬಾಗಿಲು ಹಾಕ್ಕೊಳ್ಳೋ ಒಂದು ಕೋಣೆ ಕೊಡಿ. ಆಲ್ಬಂ ಬಂದಾಗ "ಒಂದು ಕಾಪಿ ಕಳಿಸಿ" ಅನ್ನೋ ಬದಲು ಕೊಂಡು ಕೇಳಿ.

ನಾಲ್ಕು ಹಾಡು ಮುಗಿದಿದೆ. ಈ ಗುರುವಾರ 'ಜಗದೋದ್ಧಾರನ'. ಅತ್ತೆಯ ಹುಳ ಈ ವಾರವೇ ಹಣ್ಣಾಗ್ತಿವೆ, ಅವರು ಬರೋ ಹಾಗಿಲ್ಲ. ಮಗು ನೋಡ್ಕೊಳ್ಳೋಕೆ ಅಂತ ನಮ್ಮೆಜಮಾನರು ಆಫೀಸಲ್ಲಿ ಒಂದು ದಿನ ರಜೆ ಕೇಳಿದರು. ಅವರ ಮೇಲಧಿಕಾರಿ ರಜೆ ಚೀಟಿ ಓದಿ, ತಲೆ ಎತ್ತಿ ನೋಡಿ ಕೇಳಿದರಂತೆ: "ಯಾಕ್ರೀ, ಮನೆಯೋರಿಗೆ ಹುಷಾರಿಲ್ವಾ?"