ಗೇರ್‌ಬಾಕ್ಸಿನ ಕವಚಕ್ಕೆ ಗರಗಸವೇ?

ಹಳೆಯ ಜೀಪಿಗೆ ಬೇರೊಂದು ಎಂಜಿನ್ ಕೂಡಿಸಹೊರಟಿರುವ ನನ್ನ ಶಿಷ್ಯನೊಬ್ಬ, ಗೇರ್‌ಬಾಕ್ಸಿನ ಬೆಲ್ ಹೌಸಿಂಗನ್ನು ಕತ್ತರಿಸಿ ಬೆಸೆಯಬಹುದೇ ಎಂದು ಕೇಳಿದ್ದಾನೆ. ಕೂಡದೆಂದೇ ನನ್ನ ಅಭಿಪ್ರಾಯ. ಅದು ಬರಿಯ ಮುಚ್ಚಳವಲ್ಲ. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನೂ ಗೇರ್‌ಬಾಕ್ಸಿನ ಶಾಫ್ಟನ್ನೂ ಒಂದೇ ಅಕ್ಷದಲ್ಲಿ ಹಿಡಿದಿಡುವುದು ಅದೇ. ಕವಚದ ನಡುರಂಧ್ರವನ್ನು ಅಳೆಯುವ ಡಯಲ್ ಗೇಜಿನ ಮುಳ್ಳು ಒಂದು ಸುತ್ತಿನಲ್ಲಿ ಸುಮಾರು 0.13 ಮಿಲಿಮೀಟರಿಗಿಂತ ಹೆಚ್ಚು ಅಲುಗಬಾರದೆಂಬುದು ಸಾಮಾನ್ಯ ನಿಯಮ. ಬೆಸುಗೆಯ ಕಾವಿಗೆ ಅಲ್ಯೂಮಿನಿಯಂ ಎರಕ ಅದಕ್ಕಿಂತ ಹೆಚ್ಚು ಸೊಟ್ಟಗಾಗಬಲ್ಲದು. ಆಮೇಲೆ ಬೇರಿಂಗ್ ಸವೆಯುತ್ತದೆ, ಗೇರು ತಾನಾಗಿ ಜಾರುತ್ತದೆ. ಘಟ್ಟದ ಇಳಿಜಾರಿನಲ್ಲಿ ಹಾಗಾದರೆ ಗತಿಯೇನು? ನಡುವೆ ಅಡಾಪ್ಟರ್ ಫಲಕ ಮಾಡಿಸಲಿ (ಅದರ ದಪ್ಪದಷ್ಟು ಗೇರ್‌ಬಾಕ್ಸ್ ಹಿಂದೆ ಸರಿಯುವುದನ್ನೂ ಲೆಕ್ಕ ಹಾಕಲಿ). ಲೇತಿನವನ ಕೂಲಿಯಲ್ಲಿ ಚೌಕಾಶಿ ಬೇಡ. ಅದಕ್ಕೂ ಮುನ್ನ ನೋಂದಣಿ ಅಧಿಕಾರಿಯನ್ನು ಕಾಣಲಿ; ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮಿತಿ ಹಾಕಿದೆ.